ಏಳು ಜೋಗದೆತ್ತರದ ನೀರು

ಕೆಆರ್‌ಎಸ್ ಅಣೆಕಟ್ಟಿನ ಎತ್ತರ 130 ಅಡಿ. ಅದರಲ್ಲಿ ಹಿಡಿಸುವ ನೀರು 49 ಟಿಎಂಸಿ. ಸ್ವಿಟ್ಜರ್ಲೆಂಡಿನ ವಾಲೇ ಪ್ರಾಂತ್ಯದಲ್ಲಿ, ರೋನ್ ನದಿಯ ಕಣಿವೆಗೆ ಸೇರಿದ ಗ್ರಾಂದ್ ದಿಕ್ಸಾಂಸ್ ಎಂಬ ಅಣೆಕಟ್ಟಿದೆ. ಅದರ ಎತ್ತರ 285 ಮೀಟರ್, ಅಂದರೆ 935 ಅಡಿ, ಕೆಆರ್‌ಎಸ್‌ನ ಏಳು ಪಟ್ಟು. ಹಿಡಿಸುವ ನೀರು? ಬರೀ 14 ಟಿಎಂಸಿ.

ಇಷ್ಟು ನೀರಿಗೆ ಅಷ್ಟೊಂದು ಸಿಮೆಂಟೇ ಎಂದು ಮಂಡ್ಯದ ರೈತರು ನಕ್ಕಾರು. 1961ರಲ್ಲಿ ಮುಗಿದ ಈ ಕಟ್ಟೆಗೆ ಸುರಿದದ್ದು 60 ಲಕ್ಷ ಘನಮೀಟರ್ ಕಾಂಕ್ರೀಟು. ಅಷ್ಟರಲ್ಲಿ ಒಂದೂವರೆ ಮೀಟರ್ ಎತ್ತರ, 10 ಸೆಂಟಿಮೀಟರ್ ದಪ್ಪದ ಕಾಂಪೌಂಡ್ ಗೋಡೆಯನ್ನು ಸಮಭಾಜಕ ವೃತ್ತದುದ್ದಕ್ಕೂ ಭೂಮಿಯ ಸುತ್ತ ಕಟ್ಟಬಹುದು. ಲೆಕ್ಕ ಹಾಕಿದಾಗ ಎಲ್ಲೋ ಸೊನ್ನೆ ತಪ್ಪಿದೆ ಎಂದುಕೊಂಡೆ. ತಪ್ಪಿರಲಿಲ್ಲ.

ನಗುವ ಮುನ್ನ ಆ ನೀರು ಎಲ್ಲಿಂದ ಎಲ್ಲಿಗೆ ಇಳಿಯುತ್ತದೆ ನೋಡಬೇಕು. ಕೆಳಗಿನ ಬಿಯುದ್ರೋಂ ವಿದ್ಯುದಾಗಾರಕ್ಕೂ ಮೇಲಿನ ಕಟ್ಟೆಗೂ ನಡುವಿನ ಎತ್ತರ 1,883 ಮೀಟರ್. ಜೋಗದ ಎತ್ತರ 253 ಮೀಟರ್. ಏಳು ಜೋಗಗಳನ್ನು ಒಂದರ ಮೇಲೊಂದು ಪೇರಿಸಿದರೂ ಇನ್ನೂ ನೂರು ಮೀಟರ್ ಉಳಿಯುತ್ತದೆ. ಮುಳ್ಳಯ್ಯನಗಿರಿಯ ನೆತ್ತಿಯಲ್ಲಿ ಪೈಪು ಜೋಡಿಸಿ ಮಂಗಳೂರಿನ ಕಡಲ ದಂಡೆಯಲ್ಲಿ ನಲ್ಲಿ ತಿರುಗಿಸಿದ ಹಾಗೆ. ತಳ ಮುಟ್ಟಿದಾಗ ನೀರು ಗಂಟೆಗೆ 600 ಕಿ.ಮೀ.ಗೂ ಮೀರಿದ ವೇಗದಲ್ಲಿ ಚಿಮ್ಮಿ ಟರ್ಬೈನಿಗೆ ಬಡಿಯುತ್ತದೆ. ನಮ್ಮ ಮನೆಗಳ ಮೇಲಿರುವ ಸಾವಿರ ಲೀಟರಿನ ಟ್ಯಾಂಕಿನಷ್ಟು ನೀರು ಅಲ್ಲಿ ಒಮ್ಮೆ ಇಳಿದರೆ ಸುಮಾರು ನಾಲ್ಕೂವರೆ ಯೂನಿಟ್ ಕರೆಂಟು. 2000ದ ಡಿಸೆಂಬರಿನಲ್ಲಿ ಈ ನೀರನ್ನು ಇಳಿಸುವ ಕೊಳವೆಯೇ ಬಿರಿದು ಮೂವರು ಸತ್ತರು.

ಇಷ್ಟೆಲ್ಲ ನೀರು ನೆತ್ತಿಯ ಮೇಲಿದ್ದರೂ ಕಣಿವೆಯ ತಳ ಒಣ. ಎರಡೂ ಕಡೆಯ ಪರ್ವತಸಾಲು ಮೋಡಗಳನ್ನು ಆಚೆಯೇ ಹಿಂಡಿಬಿಡುತ್ತದೆ. ಸಿಯೋನ್ ಪಟ್ಟಣದಲ್ಲಿ ವರ್ಷಕ್ಕೆ ಬೀಳುವುದು ಸುಮಾರು 600 ಮಿಲಿಮೀಟರ್, ನಮ್ಮ ಬಯಲುಸೀಮೆಯ ಮಳೆ. ದ್ರಾಕ್ಷಿಗೆ, ಹುಲ್ಲುಗಾವಲಿಗೆ ನೀರು ಬೇಕೆಂದರೆ ಮೇಲಿನಿಂದ ತರಬೇಕು. ಅದಕ್ಕೇ ಮಧ್ಯಯುಗದಿಂದ ‘ಬಿಸ್’ ಎಂಬ ಕಾಲುವೆಗಳು. ಬಂಡೆ ನೇರ ಕಡಿದು ನಿಂತ ಕಡೆ ಮರದ ದೋಣಿಗಳನ್ನೇ ಪ್ರಪಾತಕ್ಕೆ ನೇತುಹಾಕಿ ನೀರು ಹರಿಸಿದರು. ನೋಡಿಕೊಳ್ಳಲು ನಮ್ಮ ಕೆರೆಗಳ ನೀರುಗಂಟಿಯಂಥ ಕಾವಲುಗಾರ. ಕಾಲುವೆಯಲ್ಲೊಂದು ಚಕ್ರ, ಅದಕ್ಕೊಂದು ಮರದ ಸುತ್ತಿಗೆ. ಟಕ್ ಟಕ್ ಕೇಳುವವರೆಗೂ ಅವನು ನೆಮ್ಮದಿಯಾಗಿರಬಹುದು. ಸದ್ದು ನಿಂತಿತೋ, ಎದ್ದು ಓಡಬೇಕು. ಯಾರ ಪಾಳಿ ಯಾವಾಗ ಎಂಬ ಲೆಕ್ಕ ಮರದ ತುಂಡುಗಳ ಮೇಲೆ ಕೆತ್ತಿರುತ್ತಿತ್ತು. ಈ ಬಗೆಯ ಸಾಂಪ್ರದಾಯಿಕ ನೀರಾವರಿಯನ್ನು ಯುನೆಸ್ಕೋ 2023ರಲ್ಲಿ ತನ್ನ ಪರಂಪರೆಯ ಪಟ್ಟಿಗೆ ಸೇರಿಸಿತು. 285 ಮೀಟರ್ ಗೋಡೆಗಿಂತ ನನಗೆ ಆ ಸುತ್ತಿಗೆಯೇ ದೊಡ್ಡ ಎಂಜಿನಿಯರಿಂಗ್.

ಎಲ್ಲಕ್ಕೂ ಮೂಲ ಹಿಮ. ಇದೇ ಕಣಿವೆಯ ಅಲೆಚ್ ಹಿಮನದಿ ಆಲ್ಪ್ಸ್‌ನಲ್ಲೇ ದೊಡ್ಡದು: ಉದ್ದ 20 ಕಿ.ಮೀ.ಗೂ ಹೆಚ್ಚು, ಅತಿ ದಪ್ಪವಿರುವಲ್ಲಿ ಆಳ ಸುಮಾರು 800 ಮೀಟರ್, ತೂಕ ಸಾವಿರ ಕೋಟಿ ಟನ್ನಿನ ಆಸುಪಾಸು. ಕರಗಿಸಿದರೆ ಏಳು ಕೆಆರ್‌ಎಸ್ ತುಂಬುತ್ತವೆ. ಮತ್ತೆ ಅದೇ ಏಳು!

ಕರಗಿಸುವ ಕೆಲಸ ನಡೆದೇ ಇದೆ. 19ನೇ ಶತಮಾನದ ನಡುಭಾಗದಿಂದ ಅದು 3 ಕಿ.ಮೀ.ಗೂ ಹೆಚ್ಚು ಹಿಂದೆ ಸರಿದಿದೆ. ಹಿಂದೆ ಜನರ ಭಯ ಇದಕ್ಕೆ ತದ್ವಿರುದ್ಧ. ಹಿಮನದಿ ಬೆಳೆದು, ಅದರಂಚಿನ ಕೆರೆ ಒಡೆದು ಊರಿಗೆ ನುಗ್ಗುತ್ತಿತ್ತು. 1678ರಲ್ಲಿ ಫೀಶ್ ಊರಿನವರು ಹಿಮ ಬೆಳೆಯದಿರಲೆಂದು ದೇವರಿಗೆ ಹರಕೆ ಹೊತ್ತರು. 1862ರಿಂದ ವರ್ಷಕ್ಕೊಮ್ಮೆ ಮೆರವಣಿಗೆಯನ್ನೂ ಹೊರಟರು. 2009ರಲ್ಲಿ ಅದೇ ಊರಿನವರು ಹರಕೆಯನ್ನು ತಿರುಗುಮುರುಗು ಮಾಡಲು ಅನುಮತಿ ಕೋರಿ ಪೋಪರಿಗೆ ಮೊರೆಯಿಟ್ಟರು. ಮರುವರ್ಷ ಒಪ್ಪಿಗೆ ಬಂತು. ಈಗ ಅವರ ಪ್ರಾರ್ಥನೆ ಹಿಮ ಬೆಳೆಯಲಿ ಎಂದು.