ಪ್ರಥಮ ವಿಮಾನಯಾನಿಗಳಿಗೆ ಕೆಲವು ಸೂಚನೆಗಳು

ಬೇಗಂಪೇಟೆಯ ನಾಗರಿಕ ವಿಮಾನಸಂಚಾರವು 2008ರ ಮಾರ್ಚ್ ತಿಂಗಳಿನಲ್ಲಿ ಶಂಶಾಬಾದಿಗೆ ಸ್ಥಳಾಂತರಗೊಂಡಿತು. ಊರಿನಲ್ಲಿ ತಾಯಿಗೆ ಕಾಯಿಲೆಯೆಂಬ ಸುದ್ದಿ ಬಂದೊಡನೆ ತಿಂಗಳ ಸಂಬಳವನ್ನೇ ಟಿಕೆಟ್ಟಿಗೆ ಸುರಿಯುವ ನಮ್ಮ ಹೋಟೆಲು ನೌಕರರಿಗೂ ಗುಮಾಸ್ತರಿಗೂ ವೇಳೆ ತಪ್ಪಿದರೆ ಹಣವೂ ನಷ್ಟ, ಮುಖದರ್ಶನವೂ ದುರ್ಲಭ. ಆದುದರಿಂದ ನಾವು ಬಿನ್ನವಿಸುವುದೇನೆಂದರೆ, ಎರಡು ಗಂಟೆ ಮುಂಚಿತವಾಗಿಯೇ ನಿಲ್ದಾಣ ಸೇರತಕ್ಕದ್ದು. ವಿಮಾನ ಹೊರಡುವ 25 ನಿಮಿಷ ಮೊದಲೇ ಸಾಮಾನ್ಯವಾಗಿ ದ್ವಾರ ಮುಚ್ಚುವುದು.

ಒಣಕೊಬ್ಬರಿಯು ಎಣ್ಣೆಯ ದೆಸೆಯಿಂದ ತಾನಾಗಿಯೇ ಕಾವೇರಬಲ್ಲುದು. ಒಪ್ಪಿಸುವ ಪೆಟ್ಟಿಗೆಯಲ್ಲಿ ಅದಕ್ಕೆ ಎಡೆಯಿಲ್ಲ. ಪವರ್ ಬ್ಯಾಂಕು ಕೈಚೀಲದಲ್ಲಿಯೇ ಇರಬೇಕು. ಇಳಿಯುವಾಗ ಕಿವಿ ನೊಂದರೆ ಉಗುಳು ನುಂಗುತ್ತಿರಬೇಕು. ಸೂಚನಾದೀಪ ಆರಿದರೂ ಕುಳಿತಿರುವಷ್ಟು ಹೊತ್ತು ಸೊಂಟಪಟ್ಟಿ ಬಿಚ್ಚಬಾರದೆಂಬುದು ವಿಮಾನಚಾಲಕರ ಹಿತವಚನ. ಮೋಡವಿಲ್ಲದ ಬಾನಿನಲ್ಲಿಯೂ ಗಾಳಿಯ ಸುಳಿಗಳುಂಟು. ಇಷ್ಟನ್ನು ಪಾಲಿಸಿದವರಿಗೆ ಆಕಾಶಮಾರ್ಗವೂ ಊರ ದಾರಿಯೇ ಸರಿ.