ಅಜ್ಜಿಯರಿಗೆ ಬಿಟ್ಟ ಕಡಲು

ದಕ್ಷಿಣ ಕೊರಿಯಾದ ಜೇಜು ದ್ವೀಪದಲ್ಲಿ, ಆಮ್ಲಜನಕದ ಸಿಲಿಂಡರಿನ ನೆರವಿಲ್ಲದೆ ಉಸಿರು ಬಿಗಿಹಿಡಿದು ಕಡಲಿನಲ್ಲಿ ಮುಳುಗಿ, ಚಿಪ್ಪುಜೀವಿಗಳನ್ನೂ ಕಡಲಪಾಚಿಯನ್ನೂ ಕಿತ್ತು ತಂದು ಮಾರಿ ಬದುಕುವ ಹೆಂಗಸರಿಗೆ ‘ಹೇನ್ಯೊ’, ಅಂದರೆ ಕಡಲ ಹೆಣ್ಣು, ಎಂದು ಹೆಸರು. ಸುಮಾರು 10 ಮೀಟರ್ ಆಳದವರೆಗೆ ಇಳಿದು, ಒಂದೊಂದು ಸಲಕ್ಕೂ ಒಂದು ನಿಮಿಷದಷ್ಟು ಉಸಿರು ತಡೆದು ದುಡಿಯುವ ಇವರು ಮೇಲೆದ್ದೊಡನೆ ಹೊರಬಿಡುವ ಸಿಳ್ಳಿನಂಥ ಉಸಿರನ್ನು ‘ಸುಂಬಿಸೊರಿ’ ಎನ್ನುತ್ತಾರೆ. ಯುನೆಸ್ಕೊ 2016ರಲ್ಲಿ ಈ ಸಂಸ್ಕೃತಿಯನ್ನು ಮನುಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು.

ಉಸಿರಿನ ಈ ಸಾಹಸಕ್ಕಿಂತಲೂ ಅಧ್ಯಯನಯೋಗ್ಯವಾದದ್ದು ಇವರು ಕಡಲನ್ನು ಹಂಚಿಕೊಂಡಿರುವ ಬಗೆ. ಅನುಭವಕ್ಕೂ ಕಸುವಿಗೂ ತಕ್ಕಂತೆ ಇವರಲ್ಲಿ ‘ಸಾಂಗುನ್’, ‘ಜುಂಗುನ್’, ‘ಹಾಗುನ್’ ಎಂಬ ಮೇಲಿನ, ನಡುವಿನ, ಕೆಳಗಿನ ದರ್ಜೆಗಳಿದ್ದು, ನುರಿತವರು ಆಳಕ್ಕೆ ಹೋಗುತ್ತಾರೆ. ದಡದ ಬಳಿಯ ಆಳವಿಲ್ಲದ ನೀರಿನ ಒಂದು ಪಾಲನ್ನು ‘ಹಲ್ಮಾಂಗ್ ಬದಾಂಗ್’, ಎಂದರೆ ಅಜ್ಜಿಯರ ಕಡಲು, ಎಂದು ಕರೆದು ಮುದುಕಿಯರಿಗೇ ಮೀಸಲಿಡುವ ರೂಢಿ ಇದೆ. ಇದನ್ನು ದಾನವೆಂದು ತಿಳಿಯುವುದು ತಪ್ಪಾದೀತು. ದುಡಿಯಬಲ್ಲ ಮುದುಕಿ ಕೊನೆಯವರೆಗೂ ತನ್ನ ಅನ್ನವನ್ನು ತಾನೇ ಗಳಿಸಲೆಂಬ ಗೌರವದ ಏರ್ಪಾಡು ಇದು. ಇದೇ ರೀತಿ ‘ಶಾಲೆಯ ಕಡಲು’ ಎಂದು ಒಂದು ಭಾಗವನ್ನು ಗುರುತಿಸಿ, ಅಲ್ಲಿನ ಗಳಿಕೆಯಿಂದ ಊರಿನ ಪ್ರಾಥಮಿಕ ಶಾಲೆಯನ್ನು ಕಟ್ಟಿಸಿದ್ದೂ ಉಂಟು. ಕಡಲನ್ನು ಹೀಗೆ ಹಂಚಿಕೊಳ್ಳುವ ಮಾತುಕತೆಗಳೆಲ್ಲ ನಡೆಯುತ್ತಿದ್ದದ್ದು, ಗಾಳಿ ತಡೆಯಲೆಂದು ಕಲ್ಲು ಪೇರಿಸಿ ನಡುವೆ ಬೆಂಕಿ ಹಾಕಿದ ‘ಬುಲ್ತೋಕ್’ ಎಂಬ ಆವರಣದಲ್ಲಿ, ಒದ್ದೆ ಮೈಯನ್ನು ಕಾಯಿಸಿಕೊಳ್ಳುವ ಹೊತ್ತಿನಲ್ಲಿ.

1960ರ ದಶಕದಲ್ಲಿ 20,000ಕ್ಕೂ ಹೆಚ್ಚಿದ್ದ ಹೇನ್ಯೊಗಳು ಈಗ 3,000ಕ್ಕಿಂತ ಕಡಿಮೆಯಾಗಿದ್ದು, ಅವರಲ್ಲಿ ಬಹುಪಾಲು 60 ದಾಟಿದವರು. ತಾಯಂದಿರ ಗಳಿಕೆಯಿಂದಲೇ ಓದಿದ ಹೆಣ್ಣುಮಕ್ಕಳು ಬೇರೆ ಉದ್ಯೋಗ ಹಿಡಿದರು. ಕಿತ್ತಳೆ ತೋಟಗಳೂ ಪ್ರವಾಸೋದ್ಯಮವೂ ಸುಲಭದ ದಾರಿ ತೋರಿದವು. ನೀರು ಬಿಸಿಯಾಗಿ ಬಂಡೆಗಳ ಮೇಲಿನ ಪಾಚಿ ಕ್ಷೀಣಿಸಿದ್ದರಿಂದ ಫಸಲೂ ತಗ್ಗಿತು. ಕಿರಿಯರು ಆಳಕ್ಕೆ ಹೋಗುವುದರಿಂದಲೇ ಹಿರಿಯರಿಗೆ ದಡದ ನೀರು ಉಳಿಯುತ್ತಿದ್ದ ಈ ಏರ್ಪಾಡಿನಲ್ಲಿ, ಕಿರಿಯರೇ ಇಲ್ಲವಾದರೆ ‘ಅಜ್ಜಿಯರ ಕಡಲು’ ಎಂಬ ಮಾತಿಗೆ ಅರ್ಥವೇ ಉಳಿಯುವುದಿಲ್ಲ.

ಹೊಸಬರಿಗೆ ಮುಳುಗುವುದನ್ನು ಕಲಿಸುವ ಶಾಲೆಗಳು ಜೇಜುವಿನಲ್ಲಿವೆ. ಆದರೆ ಅಲ್ಲಿ ಕಲಿತವಳು ಊರಿನ ಮೀನುಗಾರರ ಸಂಘ ತನ್ನನ್ನು ಸದಸ್ಯೆಯಾಗಿ ಒಪ್ಪಿಕೊಳ್ಳುವವರೆಗೆ ಈ ಕಸುಬಿಗೆ ಇಳಿಯುವಂತಿಲ್ಲ, ಆ ಒಪ್ಪಿಗೆ ಸುಲಭವಾಗಿ ಸಿಗುವಂಥದ್ದೂ ಅಲ್ಲ. ಯಾವ ಬಂಡೆಯ ಸಂದಿನಲ್ಲಿ ಏನು ಸಿಕ್ಕೀತು, ಯಾವ ಸೆಳೆತಕ್ಕೆ ಹೆದರಬೇಕು ಎಂಬ ತಿಳಿವಳಿಕೆ ಜೊತೆಯಲ್ಲಿ ಮುಳುಗಿಯೇ ದಾಟಿ ಬರುವಂಥದ್ದಾದ್ದರಿಂದ, ಅಜ್ಜಿಯರು ಇನ್ನೂ ನೀರಿಗಿಳಿಯುತ್ತಿರುವಾಗಲೇ ಸಂಘಗಳು ಹೊಸಬರಿಗೆ ಬಾಗಿಲು ತೆರೆಯಬೇಕಾಗಿದೆ.