ಸ್ವಯಂಚಾಲಿತ ದಾಳದಾಟ: ಲೆಕ್ಕಪತ್ರದ ದೃಷ್ಟಿಯಿಂದ ಒಂದು ಪರಿಶೀಲನೆ

ವಹಿವಾಟಿನ ಮೊತ್ತವನ್ನು ಲಾಭದ ಶೇಕಡಾವಾರು ಪ್ರಮಾಣದಿಂದ ಗುಣಿಸಿದರೆ ವ್ಯವಹಾರದ ಗಳಿಕೆ ದೊರೆಯುತ್ತದೆ. ಈ ಸೂತ್ರ ವರ್ತಕ ಬಾಂಧವರಿಗೆ ಹೊಸದೇನಲ್ಲ. ಇದನ್ನೇ ಕ್ರಿಪ್ಟೋ ಕರೆನ್ಸಿಯ ದಾಳದಾಟಕ್ಕೆ ಅನ್ವಯಿಸಿ ನೋಡುವುದು ಪ್ರಸ್ತುತ ಲೇಖನದ ಉದ್ದೇಶ. ನಮ್ಮ ಪರವಾಗಿ ಹಗಲಿರುಳೂ ಪಣ ಒಡ್ಡುವ ಉಚಿತ ತಂತ್ರಾಂಶಗಳು ಅಂತರಜಾಲದಲ್ಲಿ ದೊರೆಯುತ್ತವೆ. ನಿದ್ರಿಸುವಾಗಲೂ ಸಂಪಾದನೆ ನಡೆಯುತ್ತದೆಂಬ ಆಸೆಯಿಂದ ದುಡಿಮೆಯ ಬಂಡವಾಳವನ್ನು ಅತ್ತ ತಿರುಗಿಸುವ ಮುನ್ನ ಅಂಕಿಗಳನ್ನು ಒಮ್ಮೆ ಪರಿಶೀಲಿಸುವುದು ಅವಶ್ಯ.

ಆಟದ ಸ್ವರೂಪ

ಬಿಟ್‌ಕಾಯಿನ್ 2009ರಲ್ಲಿ ಚಲಾವಣೆಗೆ ಬಂದಿತು. ಅದನ್ನು ಪಣವಾಗಿ ಸ್ವೀಕರಿಸುವ ಸತೋಶಿ ಡೈಸ್ ಎಂಬ ತಾಣ 2012ರಲ್ಲಿ ಆರಂಭವಾಯಿತು. ಮರುವರ್ಷ ಜುಲೈ ತಿಂಗಳಲ್ಲಿ ಅದು 1,26,315 ಬಿಟ್‌ಕಾಯಿನ್‌ಗಳಿಗೆ, ಅಂದರೆ ಅಂದಿನ ದರದಲ್ಲಿ ಸುಮಾರು 1.15 ಕೋಟಿ ಡಾಲರ್‌ಗಳಿಗೆ ಮಾರಾಟವಾಯಿತು. ಖರೀದಿದಾರರು ಇಷ್ಟು ಬೆಲೆ ತೆತ್ತದ್ದು ಪ್ರತಿ ಪಣದಲ್ಲಿಯೂ ತಾಣಕ್ಕೆ ಉಳಿಯುವ ಸಣ್ಣ ಮಿಗತೆಯನ್ನು ಕಂಡು ಎಂಬುದನ್ನು ಗಮನಿಸಬೇಕು.

ಇಂತಹ ಹಲವು ತಾಣಗಳಲ್ಲಿ ಈ ಮಿಗತೆ ಶೇ. 1ರಷ್ಟಿರುತ್ತದೆ. ಪಣದ ಎರಡರಷ್ಟು ಮೊತ್ತ ಕೊಡುವ ಪಂದ್ಯದಲ್ಲಿ ಆಟಗಾರನು ಗೆಲ್ಲುವ ಸಂಭವ ಶೇ. 50 ಅಲ್ಲ, ಶೇ. 49.5 ಮಾತ್ರ. ನೂರು ರೂಪಾಯಿ ಪಣಕ್ಕೆ ಸರಾಸರಿ ಒಂದು ರೂಪಾಯಿ ತಾಣದ ಪಾಲು.

ಶಕುನಿಯ ದಾಳದಂತೆ ಇಲ್ಲಿ ವಂಚನೆ ಇರಲೇಬೇಕೆಂದಿಲ್ಲ. ತಾಣವು ತನ್ನ ರಹಸ್ಯ ಸಂಖ್ಯೆಯ ಗೂಢಮುದ್ರೆಯನ್ನು ಆಟಕ್ಕೆ ಮೊದಲೇ ಪ್ರಕಟಿಸುತ್ತದೆ. ಆಟಗಾರನು ತನ್ನದೊಂದು ಸಂಖ್ಯೆಯನ್ನು ಸೇರಿಸುತ್ತಾನೆ. ನಂತರ ರಹಸ್ಯ ಬಯಲಾದಾಗ ಪ್ರತಿ ಫಲಿತಾಂಶವನ್ನೂ ತಾಳೆ ನೋಡಬಹುದು. ಆದರೆ ತಾಳೆಯಾಗುವುದು ದಾಳದ ಪ್ರಾಮಾಣಿಕತೆ ಮಾತ್ರ. ಶೇ. 1ರ ಕಡಿತ ಆಗಲೂ ಹಾಗೆಯೇ ಇರುತ್ತದೆ.

ತಂತ್ರಾಂಶ ಮಾಡುವುದೇನು?

ಡೈಸ್‌ಬಾಟ್ ಮುಂತಾದ ಮುಕ್ತ ಆಕರ ತಂತ್ರಾಂಶಗಳ ಮೂಲ ಸಂಕೇತವನ್ನು ಯಾರು ಬೇಕಾದರೂ ಓದಬಹುದು, ತಿದ್ದಬಹುದು. ಬಳಕೆದಾರನು ಸೂಚಿಸಿದ ಕ್ರಮದಂತೆ ಅವು ಬಿಡುವಿಲ್ಲದೆ ಪಣ ಕಟ್ಟುತ್ತವೆ. ಇವುಗಳಲ್ಲಿ ಹೆಚ್ಚು ಪ್ರಸಿದ್ಧವಾದುದು ಮಾರ್ಟಿಂಗೇಲ್ ಕ್ರಮ. ಸೋತಾಗಲೆಲ್ಲ ಪಣವನ್ನು ದ್ವಿಗುಣಗೊಳಿಸುತ್ತ ಹೋದರೆ, ಒಮ್ಮೆ ಗೆದ್ದೊಡನೆ ಹಿಂದಿನ ನಷ್ಟವೆಲ್ಲ ತುಂಬಿ ಮೊದಲ ಪಣದಷ್ಟು ಲಾಭ ಉಳಿಯುತ್ತದೆ.

ಒಂದು ರೂಪಾಯಿಯಿಂದ ಆರಂಭಿಸಿ ಸತತ ಹತ್ತು ಸೋಲುಗಳನ್ನು ತಾಳಲು 1,023 ರೂಪಾಯಿ ಬೇಕು. ಹತ್ತೂ ಸೋಲುವ ಸಂಭವ 927 ಸುತ್ತುಗಳಿಗೊಂದು. ಇದು ಅಪರೂಪವೆಂದು ತೋರಬಹುದು. ಒಂದು ಸಾವಿರ ಸುತ್ತುಗಳ ಲೆಕ್ಕ ಹಾಕೋಣ: ಸರಾಸರಿ ಗಳಿಕೆ ಸುಮಾರು 999 ರೂಪಾಯಿ, ಸರಾಸರಿ ನಷ್ಟ ಸುಮಾರು 1,104 ರೂಪಾಯಿ. ನಿವ್ವಳ ನಷ್ಟ 105 ರೂಪಾಯಿ. ಈ ಸುತ್ತುಗಳಲ್ಲಿ ಒಡ್ಡಿದ ಪಣಗಳ ಒಟ್ಟು ಮೊತ್ತ ಸರಾಸರಿ 10,462 ರೂಪಾಯಿ. ಅದರ ಶೇ. 1 ಎಷ್ಟೆಂದು ನೋಡಿದರೆ ಮತ್ತೆ ಅದೇ 105. ಪಣದ ಕ್ರಮವನ್ನು ಹೇಗೆ ಬದಲಿಸಿದರೂ ಈ ತಾಳೆ ತಪ್ಪುವುದಿಲ್ಲ.

ಹೆಚ್ಚು ಬಂಡವಾಳವಿದ್ದರೆ ಪಾರಾಗಬಹುದೆಂಬ ವಾದವೂ ಉಂಟು. ಇಪ್ಪತ್ತು ಸೋಲುಗಳನ್ನು ತಾಳಲು 10,48,575 ರೂಪಾಯಿ ಬೇಕು. ಆಗ ಆಪತ್ತು ಸುಮಾರು 8.59 ಲಕ್ಷ ಸುತ್ತುಗಳಿಗೊಮ್ಮೆ ಬರುತ್ತದೆ, ನಿಜ. ಆದರೆ ಸುತ್ತೊಂದಕ್ಕೆ ಸರಾಸರಿ ನಷ್ಟ 10 ಪೈಸೆಯಿಂದ 22 ಪೈಸೆಗೆ ಏರುತ್ತದೆ. ಪಣದ ಒಟ್ಟು ಮೊತ್ತ ಹೆಚ್ಚಿದುದೇ ಇದಕ್ಕೆ ಕಾರಣ.

ವೇಗವೇ ವೆಚ್ಚ

ಸತತ ಹತ್ತು ಸೋಲುಗಳು ಸರಾಸರಿ 1,871 ಪಂದ್ಯಗಳೊಳಗೆ ಎದುರಾಗುತ್ತವೆ. ಕೈಯಿಂದ ದಿನಕ್ಕೆ ನೂರು ಪಂದ್ಯ ಆಡುವವನಿಗೆ ಅದು ಬರಲು ಸುಮಾರು ಹತ್ತೊಂಬತ್ತು ದಿನಗಳು ಬೇಕು. ಸೆಕೆಂಡಿಗೊಂದರಂತೆ ಆಡುವ ಯಂತ್ರಕ್ಕೆ ಅರ್ಧ ಗಂಟೆ ಸಾಕು. ದಿನವೊಂದಕ್ಕೆ 86,400 ಪಂದ್ಯಗಳಂತೆ, ಪಂದ್ಯಕ್ಕೆ ಕೇವಲ ಒಂದು ರೂಪಾಯಿ ಒಡ್ಡಿದರೂ ಸರಾಸರಿ ನಷ್ಟ ದಿನಕ್ಕೆ 864 ರೂಪಾಯಿ. ಯಂತ್ರಕ್ಕೆ ಆಯಾಸವಿಲ್ಲ, ಆವೇಶವೂ ಇಲ್ಲ. ಆದರೆ ನಷ್ಟದ ವ್ಯವಹಾರದಲ್ಲಿ ದಣಿವರಿಯದ ದುಡಿಮೆ ನಷ್ಟವನ್ನೇ ಹೆಚ್ಚಿಸುತ್ತದೆ.

ತೆರಿಗೆ ಮತ್ತು ಕಾನೂನು

2022ರ ಏಪ್ರಿಲ್ 1ರಿಂದ ಕ್ರಿಪ್ಟೋ ಆಸ್ತಿಯ ವರ್ಗಾವಣೆಯ ಲಾಭಕ್ಕೆ, 2023ರ ಏಪ್ರಿಲ್ 1ರಿಂದ ಆನ್‌ಲೈನ್ ಆಟಗಳ ನಿವ್ವಳ ಗೆಲುವಿಗೆ ಶೇ. 30ರ ತೆರಿಗೆ ವಿಧಿಸಲಾಗಿದೆ. ಜೂಜಿನ ನಷ್ಟವನ್ನು ವ್ಯಾಪಾರದ ಆದಾಯದಿಂದ ಕಳೆಯಲು ಅವಕಾಶವಿಲ್ಲ. 2025ರ ಆಗಸ್ಟ್‌ನಲ್ಲಿ ಸಂಸತ್ತು ಅಂಗೀಕರಿಸಿದ ಆನ್‌ಲೈನ್ ಗೇಮಿಂಗ್ ಕಾಯ್ದೆಯು ಹಣ ಪಣವಿಡುವ ಆಟಗಳನ್ನು ಒದಗಿಸುವವರಿಗೆ 3 ವರ್ಷಗಳವರೆಗೆ ಸೆರೆವಾಸ ಹಾಗೂ 1 ಕೋಟಿ ರೂಪಾಯಿವರೆಗೆ ದಂಡವನ್ನು ಗೊತ್ತುಪಡಿಸಿದೆ. ಅವುಗಳ ಜಾಹೀರಾತು ಹಾಗೂ ಹಣ ಪಾವತಿಗೆ ನೆರವಾಗುವುದೂ ಅದರಡಿ ಅಪರಾಧ.

ಸದಸ್ಯರ ಗಮನಕ್ಕೆ

1. ಸಂಸ್ಥೆಯ ಖಾತೆಯಿಂದ ಮಾಲೀಕರು ಈ ಬಗೆಯ ಆಟಕ್ಕೆ ತೆಗೆದ ಹಣ ಅವರ ಸ್ವಂತ ಹಿಂತೆಗೆತ. ಅದನ್ನು ವ್ಯಾಪಾರದ ಖರ್ಚೆಂದು ನಮೂದಿಸಬಾರದು.

2. ಮುಕ್ತ ಆಕರವೆಂಬ ಮಾತ್ರಕ್ಕೆ ಪ್ರತಿಯೊಂದು ನಕಲೂ ಸುರಕ್ಷಿತವಲ್ಲ. ತಿದ್ದಿದ ಪ್ರತಿಯು ಖಾತೆಯ ಗುಪ್ತಕೀಲಿಯನ್ನೇ ಕದಿಯಬಲ್ಲದು. ಕಚೇರಿಯ ಗಣಕಯಂತ್ರದಲ್ಲಿ ಇವನ್ನು ಅಳವಡಿಸಲು ಬಿಡಬಾರದು.

3. ಯಾರಾದರೂ ಖಚಿತ ದಿನಗಳಿಕೆಯ ಭರವಸೆಯೊಂದಿಗೆ ಇಂತಹ ಯೋಜನೆ ತಂದರೆ ಎರಡೇ ಪ್ರಶ್ನೆ ಕೇಳಿ: ದಿನಕ್ಕೆ ಒಟ್ಟು ಎಷ್ಟು ಪಣ? ತಾಣದ ಪಾಲು ಶೇಕಡಾ ಎಷ್ಟು? ಇವೆರಡರ ಗುಣಲಬ್ಧವೇ ನೀವು ಪ್ರತಿದಿನ ಭರಿಸಬೇಕಾದ ಸರಾಸರಿ ವೆಚ್ಚ. ಅದನ್ನು ಭರಿಸಲು ಸಿದ್ಧರಿದ್ದೀರಾ ಎಂಬುದನ್ನು ಮನೆಯವರೊಂದಿಗೆ ಕುಳಿತು ಮೊದಲೇ ತೀರ್ಮಾನಿಸುವುದು ಒಳಿತು.